ತಂತಿ ಮುಟ್ಟಿದರೆ ಸುಮ್ಮನಾಗುವ ಗಿಟಾರು

ಎಲೆಕ್ಟ್ರಿಕ್ ಗಿಟಾರನ್ನು ಕಂಪ್ಯೂಟರಿಗೆ ಜೋಡಿಸಿ ಮನೆಯಲ್ಲೇ ರೆಕಾರ್ಡ್ ಮಾಡಲು ಕೂತವರಿಗೆಲ್ಲ ಒಂದು ಚೋದ್ಯ ಪರಿಚಯವಿರುತ್ತದೆ. ನುಡಿಸುವಷ್ಟು ಹೊತ್ತು ಎಲ್ಲ ಸರಿ. ಕೈಯನ್ನು ತಂತಿಯಿಂದ ಎತ್ತಿದ ಕೂಡಲೇ ಹೆಡ್‌ಫೋನಿನಲ್ಲಿ ‘ಜರ್ರ್’ ಅಂತ ಸದ್ದು ಏಳುತ್ತದೆ. ಒಂದು ಬೆರಳು ತಾಗಿಸಿದರೆ ಸಾಕು, ಅಡಗುತ್ತದೆ. ತೆಗೆದರೆ ಮತ್ತೆ ಹಾಜರು. ಎಷ್ಟು ಸಲ ಬೇಕಾದರೂ ಮಾಡಿ ನೋಡಬಹುದು.

ಇದೇಕೆ ಹೀಗೆ ಎಂದು ಕೇಳಿದರೆ ತಿಳಿದವರೆಲ್ಲ ಕೊಡುವ ಉತ್ತರ ಒಂದೇ: “ಅರ್ಥಿಂಗ್ ಸರಿ ಇಲ್ಲ. ನೀವು ಮುಟ್ಟಿದಾಗ ಆ ಸದ್ದು ನಿಮ್ಮ ಮೈ ಮೂಲಕ ನೆಲಕ್ಕೆ ಇಳಿದುಹೋಗುತ್ತೆ.” ಕೇಳಲು ಸೊಗಸಾಗಿದೆ. ಆದರೆ ತಪ್ಪು.

ತಪ್ಪೆಂದು ತೋರಿಸಲು ದೊಡ್ಡ ಪ್ರಯೋಗಾಲಯ ಬೇಡ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಗಿಟಾರನ್ನೂ ಕಂಪ್ಯೂಟರನ್ನೂ ಬೆಸೆಯುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ ಸಾಮಾನ್ಯವಾಗಿ ಯುಎಸ್‌ಬಿ ಕೇಬಲ್ಲಿನಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ. ಅದಕ್ಕೂ ಗೋಡೆಯ ಪ್ಲಗ್ ಬೇಡ. ಸ್ಪೀಕರಿನ ಬದಲು ಹೆಡ್‌ಫೋನ್ ಹಾಕಿಕೊಳ್ಳಿ. ಮರದ ಮಂಚದ ಮೇಲೆ ಕಾಲು ಮಡಚಿ ಕೂರಿ. ಈಗ ಗೋಡೆಯಿಂದಾಗಲೀ ನೆಲದಿಂದಾಗಲೀ ನಿಮಗೂ ನಿಮ್ಮ ಸಾಮಾನಿಗೂ ಒಂದೆಳೆ ತಂತಿಯ ಸಂಬಂಧವೂ ಇಲ್ಲ. ಆದರೂ ಬೆರಳು ತಾಗಿಸಿದರೆ ಸದ್ದು ಇಳಿಯುತ್ತದೆ. ನೆಲಕ್ಕೆ ಹೋಗುವ ದಾರಿಯೇ ಇಲ್ಲದಾಗ ಅದು ಇಳಿದು ಹೋಗುವುದಾದರೂ ಎಲ್ಲಿಗೆ?

ಸುರುಳಿಗೆ ಕೇಳಿಸುವುದು

ಗಿಟಾರಿನ ತಂತಿಗಳ ಕೆಳಗೆ ಕೂತಿರುವ ಪಿಕಪ್ ಮೈಕಲ್ಲ. ಅದರ ಮುಂದೆ ನಿಂತು ಕೂಗಿದರೂ ಅದಕ್ಕೆ ಹೆಚ್ಚೇನೂ ಕೇಳಿಸುವುದಿಲ್ಲ. ಅದರೊಳಗಿರುವುದು ಅಯಸ್ಕಾಂತ, ಅದರ ಸುತ್ತ ತಲೆಗೂದಲಿನಷ್ಟು ಸಪೂರವಾದ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಅಯಸ್ಕಾಂತದ ಕ್ಷೇತ್ರವೂ ಅಲುಗುತ್ತದೆ. ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಅದನ್ನು ಗಿಟಾರಿಗೆ ಅಳವಡಿಸಿ ಮಾರಾಟಕ್ಕೆ ತಂದದ್ದು ನೂರು ವರ್ಷದ ನಂತರ, 1930ರ ದಶಕದ ಆರಂಭದಲ್ಲಿ, ಅಮೆರಿಕದ ಜಾರ್ಜ್ ಬೀಚಮ್ ಮತ್ತು ರಿಕನ್‌ಬ್ಯಾಕರ್ ಕಂಪನಿ. ಪಿಕಪ್ಪಿಗೆ ಗಾಳಿಯ ಸದ್ದು ಬೇಕಿಲ್ಲ, ಉಕ್ಕಿನ ಅಲುಗಾಟ ಸಾಕು. ನೈಲಾನ್ ತಂತಿ ಕಟ್ಟಿದರೆ ಈ ಪಿಕಪ್ ಮೌನವಾಗಿಬಿಡುತ್ತದೆ.

ಸುರುಳಿಗೆ ವಿವೇಚನೆ ಇಲ್ಲ ಎಂಬುದೇ ಮುಂದಿನ ತಾಪತ್ರಯಕ್ಕೆಲ್ಲ ಮೂಲ. ತಂತಿಯಿಂದ ಬಂದ ಕಾಂತಕ್ಷೇತ್ರ, ಗೋಡೆಯೊಳಗಿನ ವೈರಿನಿಂದ ಬಂದ ಕಾಂತಕ್ಷೇತ್ರ, ಎರಡೂ ಅದಕ್ಕೆ ಒಂದೇ. ನಮ್ಮ ಮನೆಗಳ ಕರೆಂಟು 230 ವೋಲ್ಟ್, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಮೂರನೇ ಮನೆಯನ್ನು ಒತ್ತಿ ಮೀಟಿದರೆ ಹೊರಡುವುದು ಸೆಕೆಂಡಿಗೆ 98 ಕಂಪನ. ಕರೆಂಟಿನ ಇಮ್ಮಡಿ 100. ನಮ್ಮ ಮನೆಗಳ ಗುಂಯ್‌ಕಾರ ಸುಮಾರಾಗಿ ಜಿ ಸ್ವರದ ಹತ್ತಿರ ಬಂದು ನಿಲ್ಲುವುದು ಇದರಿಂದ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಓಲಾಡುವುದರಿಂದ ಅಲ್ಲಿನ ಗಿಟಾರುಗಳು ಬೇರೆ ಶ್ರುತಿಯಲ್ಲಿ ಗುಂಯ್‌ಗುಡುತ್ತವೆ.

ಪಿಕಪ್ಪಿನಿಂದ ಬರುವ ಸಂಕೇತ ಒಂದು ವೋಲ್ಟಿನ ಹತ್ತನೇ ಒಂದು ಪಾಲಿನ ಆಸುಪಾಸಿನದು. ಅದನ್ನು ಇಂಟರ್‌ಫೇಸ್ ದೊಡ್ಡದು ಮಾಡಿ, ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಕೊಡುತ್ತದೆ. ರಾಕ್ ಸಂಗೀತದ ಒರಟು ದನಿ ಬೇಕೆಂದು ನಾವು ಸಾಫ್ಟ್‌ವೇರಿನಲ್ಲಿ ಡಿಸ್ಟಾರ್ಷನ್ ಹಾಕಿದಾಗ ಅದು ಇನ್ನೂ ನೂರಾರು ಪಟ್ಟು ಹಿಗ್ಗುತ್ತದೆ. ಡಿಸ್ಟಾರ್ಷನ್ ಮಾಡುವ ಕೆಲಸವೇ ದೊಡ್ಡ ಸದ್ದಿನ ತಲೆ ಕತ್ತರಿಸಿ ಸಣ್ಣ ಸದ್ದನ್ನು ಮೇಲೆತ್ತುವುದು. ಸ್ವಚ್ಛ ದನಿಯಲ್ಲಿ ಕೇಳಿಸದೆ ಇದ್ದ ಜರ್ರ್ ಡಿಸ್ಟಾರ್ಷನ್ನಿನಲ್ಲಿ ಎರಡು ಸ್ವರಗಳ ನಡುವಿನ ಬಿಡುವನ್ನೆಲ್ಲ ತುಂಬಿಕೊಳ್ಳುತ್ತದೆ. ಹೊಸ ಸಾಫ್ಟ್‌ವೇರ್ ಕೆಟ್ಟದ್ದೆಂದು ಬೈಯುವವರು ಇಲ್ಲಿ ಸ್ವಲ್ಪ ತಡೆಯಬೇಕು. ಅದು ಹೊಸದೇನನ್ನೂ ಸೇರಿಸಿಲ್ಲ. ಮೊದಲೇ ಇದ್ದದ್ದನ್ನು ತೋರಿಸಿದೆ.

ಎರಡು ದನಿ, ಎರಡು ಮೂಲ

ಈ ಗಲಾಟೆಯನ್ನು ಕಿವಿಗೊಟ್ಟು ಕೇಳಿದರೆ ಅದು ಒಂದಲ್ಲ, ಎರಡು. ಒಂದು ದುಂಡಗಿನ ‘ಗುಂಯ್’. ಇನ್ನೊಂದು ಚೂಪಾದ, ಕೆರೆಯುವ ‘ಜರ್ರ್’. ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಔಷಧ ಹುಡುಕುವುದರಿಂದಲೇ ಅರ್ಧ ಜನ ವರ್ಷಗಟ್ಟಲೆ ಒದ್ದಾಡುತ್ತಾರೆ ಎಂಬುದು ನನ್ನ ಅನುಮಾನ.

ಗುಂಯ್ ಬರುವುದು ಕಾಂತಕ್ಷೇತ್ರದಿಂದ. ಕರೆಂಟು ಹರಿಯುವ ಕಡೆಯಲ್ಲೆಲ್ಲ ಅದು ಇರುತ್ತದೆ; ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫಯರ್, ಸ್ಟೆಬಿಲೈಸರ್‌ಗಳ ಬಳಿ ಜೋರು. ಇದಕ್ಕೆ ನಿಮ್ಮ ಬೆರಳಿನ ಹಂಗಿಲ್ಲ. ತಂತಿ ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆದರೆ ಗಿಟಾರು ಹಿಡಿದು ಕುರ್ಚಿಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿದರೆ ಒಂದು ದಿಕ್ಕಿನಲ್ಲಿ ಗುಂಯ್ ಏರಿ, ಅಲ್ಲಿಂದ ಕಾಲು ಸುತ್ತು ತಿರುಗಿದಾಗ ಬಹುಪಾಲು ಮಾಯವಾಗುತ್ತದೆ. ಕಾಂತಕ್ಷೇತ್ರದ ಗೆರೆಗಳು ಸುರುಳಿಯನ್ನು ಹಾದುಹೋದರೆ ಸದ್ದು, ಪಕ್ಕದಲ್ಲಿ ಜಾರಿಹೋದರೆ ಮೌನ. ರೆಕಾರ್ಡ್ ಮಾಡುವಾಗ ಆ ಮೌನದ ದಿಕ್ಕಿಗೆ ಮುಖ ಮಾಡಿ ಕೂರುವುದು ಕಾಸು ಖರ್ಚಿಲ್ಲದ, ಸ್ಟುಡಿಯೋಗಳಲ್ಲೂ ನಡೆಯುವ ಉಪಾಯ.

ಖರ್ಚಿನ ಉಪಾಯವನ್ನು ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ 1955ರಲ್ಲಿ ರೂಪಿಸಿದರು. ಒಂದರ ಪಕ್ಕ ಒಂದರಂತೆ ಎರಡು ಸುರುಳಿ. ಹೊರಗಿನ ಗುಂಯ್ ಎರಡರಲ್ಲೂ ಹುಟ್ಟುತ್ತದೆ, ಆದರೆ ಸುರುಳಿಗಳನ್ನು ತಿರುವುಮುರುವಾಗಿ ಜೋಡಿಸಿರುವುದರಿಂದ ಒಂದು ಇನ್ನೊಂದನ್ನು ಅಳಿಸುತ್ತದೆ. ಹಾಗಿದ್ದರೆ ತಂತಿಯ ನಾದವೂ ಅಳಿಯಬೇಕಲ್ಲ? ಲವರ್ ಒಂದು ಸುರುಳಿಯ ಅಯಸ್ಕಾಂತದ ಧ್ರುವವನ್ನೂ ತಲೆಕೆಳಗು ಮಾಡಿದ್ದರು. ತಂತಿಯ ಸಂಕೇತ ಎರಡು ಸಲ ತಿರುಗಿ ಮೊದಲಿನಂತೆಯೇ ಆಯಿತು. ಗುಂಯ್ ಮಾತ್ರ ಒಂದೇ ಸಲ ತಿರುಗಿ ಸತ್ತಿತು. ಹಮ್‌ಬಕರ್ ಎಂಬ ಈ ಪಿಕಪ್ ಇಂದಿಗೂ ಹಾಗೆಯೇ ತಯಾರಾಗುತ್ತಿದೆ. ಒಂಟಿ ಸುರುಳಿಯ ಮೂರು ಪಿಕಪ್ ಇರುವ ಇತ್ತೀಚಿನ ಅನೇಕ ಗಿಟಾರುಗಳಲ್ಲಿ ನಡುವಿನದನ್ನು ಹೀಗೆ ತಿರುವಿ ಸುತ್ತಿರುತ್ತಾರೆ. ಸ್ವಿಚ್ಚನ್ನು ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುವ ಸ್ಥಾನಕ್ಕೆ ತಂದರೆ ಗುಂಯ್ ಅಡಗುವುದು ಅದಕ್ಕೇ.

ಜರ್ರ್ ಮಾತ್ರ ಬೇರೆ ವಂಶದ್ದು. ನಮ್ಮ ಮೊದಲ ಪ್ರಶ್ನೆಯೂ ಅದರದ್ದೇ.

ಮುಟ್ಟದ ನಂಟು

ಕರೆಂಟು ಹರಿಯಲು ತಂತಿ ಬೇಕೇಬೇಕು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಓಲಾಡುವ ಕರೆಂಟಿಗೆ ಅದು ಪೂರ್ತಿ ನಿಜವಲ್ಲ. ಎರಡು ಲೋಹಗಳನ್ನು, ಅಥವಾ ಒಂದು ಲೋಹ ಮತ್ತು ಒಂದು ಮೈಯನ್ನು, ನಡುವೆ ಗಾಳಿ ಬಿಟ್ಟು ಎದುರುಬದುರು ಇಟ್ಟರೆ, ಒಂದರ ವೋಲ್ಟೇಜು ಏರಿಳಿದಾಗ ಇನ್ನೊಂದರದ್ದೂ ಅಷ್ಟಿಷ್ಟು ಏರಿಳಿಯುತ್ತದೆ. ಕೆಪಾಸಿಟರ್ ಕೆಲಸ ಮಾಡುವುದು ಹೀಗೇ. ಇದನ್ನು ನಾವು ‘ಮುಟ್ಟದ ನಂಟು’ ಎನ್ನೋಣ. ಗೋಡೆಯ ವೈರಿಂಗಿಗೂ ನಮಗೂ ನಡುವೆ ಈ ನಂಟು ಯಾವಾಗಲೂ ಇದೆ. ಉಪ್ಪುನೀರು ತುಂಬಿದ ನಮ್ಮ ಐದಾರಡಿ ಮೈ ಬಹಳ ಒಳ್ಳೆಯ ಆಂಟೆನಾ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಆಸಿಲೋಸ್ಕೋಪಿನ ಪ್ರೋಬ್ ತುದಿಯನ್ನು ಬರಿಗೈಲಿ ಮುಟ್ಟಿದವರು ನೆನಪಿಸಿಕೊಳ್ಳಿ: ಏನನ್ನೂ ಜೋಡಿಸದಿದ್ದರೂ ಪರದೆಯ ಮೇಲೆ 50 ಹರ್ಟ್ಸಿನ ಅಲೆ ಎದ್ದು ಕುಣಿಯುತ್ತದೆ. ಅದು ನಿಮ್ಮ ಮೈ ಕೋಣೆಯಿಂದ ಹೀರಿಕೊಂಡದ್ದು.

ಈಗ ಅಂಥ ಮೈಯನ್ನು ಗಿಟಾರಿಗೆ ಆತು ಕೂರಿಸಿದ್ದೀರಿ. ನಿಮ್ಮ ಹೊಟ್ಟೆಗೂ ಪಿಕಪ್ಪಿಗೂ ನಡುವೆ ಇರುವುದು ಒಂದೆರಡು ಅಂಗುಲ ಮರ. ಮುಟ್ಟದ ನಂಟು ಹತ್ತಿರ ಬಂದಷ್ಟೂ ಬಲವಾಗುತ್ತದೆ. ಗೋಡೆಯಲ್ಲಿ ದೂರ ಇದ್ದ ಗಲಾಟೆಯನ್ನು ನೀವೇ ಹೊತ್ತು ತಂದು ಪಿಕಪ್ಪಿನ ಬುಡಕ್ಕೆ ಇಳಿಸಿದಂತಾಯಿತು. ಜೊತೆಗೆ ಈ ನಂಟಿನಲ್ಲಿ ನಿಧಾನದ ಓಲಾಟಕ್ಕಿಂತ ವೇಗದ ಓಲಾಟ ಸುಲಭವಾಗಿ ದಾಟುತ್ತದೆ. 50 ಹರ್ಟ್ಸಿನ ದುಂಡು ಅಲೆ ಹಿಂದುಳಿದು, ಅದರ ಮೇಲಿನ ಚೂಪು ಮುಳ್ಳುಗಳೇ ಹೆಚ್ಚಾಗಿ ಬಂದು ಸೇರುತ್ತವೆ. ಜರ್ರ್ ಸದ್ದು ಕೆರೆಯುವಂತಿರುವುದು ಇದಕ್ಕೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಪ್ರತಿ ಅಲೆಯನ್ನೂ ನಡುವೆ ಕತ್ತರಿಸುತ್ತದೆ. ಅಗ್ಗದ ಎಲ್‌ಇಡಿ ಬಲ್ಬು ತನ್ನ ಪಾಲಿನ ಮುಳ್ಳು ಸೇರಿಸುತ್ತದೆ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಶುರುವಾಯಿತೆಂದರೆ ಮುಗಿಯಿತು, ಆ ಅಲೆಗೆ ದುಂಡಗೆಂಬುದೇ ಇಲ್ಲ, ಬರೀ ಮೂಲೆಗಳು. ಲೋಡ್ ಶೆಡ್ಡಿಂಗ್ ಹೊತ್ತಲ್ಲಿ ಗಿಟಾರ್ ರೆಕಾರ್ಡ್ ಮಾಡುವ ಆಸೆ ಬಿಟ್ಟು, ಆ ಕೋಣೆಯ ಫ್ಯಾನು, ದೀಪ ಆರಿಸಿ ಬ್ಯಾಟರಿಯಲ್ಲೇ ಅಭ್ಯಾಸ ಮಾಡುವುದು ಲೇಸು.

ಸರಿ, ಬೆರಳು ತಾಗಿಸಿದಾಗ ಇದೆಲ್ಲ ಏನಾಗುತ್ತದೆ? ಗಿಟಾರಿನ ತಂತಿಗಳು ಆತು ನಿಂತ ಲೋಹದ ಬ್ರಿಡ್ಜಿನ ಕೆಳಗಿನಿಂದ ಕಣ್ಣಿಗೆ ಕಾಣದಂತೆ ಒಂದು ವೈರು ಒಳಗೆ ಹೋಗಿ, ವಾಲ್ಯೂಮ್ ಗುಂಡಿಯ ಬೆನ್ನಿಗೆ ಬೆಸುಗೆಯಾಗಿರುತ್ತದೆ. ಅಲ್ಲಿಂದ ಕೇಬಲ್ಲಿನ ಹೊರ ಹೆಣಿಗೆಯ ಮೂಲಕ ಇಂಟರ್‌ಫೇಸಿನ ‘ಸೊನ್ನೆ ಮಟ್ಟ’ಕ್ಕೆ ಸಂಪರ್ಕ. ಇಂಟರ್‌ಫೇಸು ಪ್ರತಿಯೊಂದು ಸಂಕೇತವನ್ನೂ ಅಳೆಯುವುದು ಈ ಸೊನ್ನೆ ಮಟ್ಟದಿಂದ. ವೋಲ್ಟೇಜ್ ಎಂಬುದು ಯಾವಾಗಲೂ ಎರಡು ಜಾಗಗಳ ನಡುವಿನ ವ್ಯತ್ಯಾಸ. ಒಂಟಿ ಜಾಗಕ್ಕೆ ವೋಲ್ಟೇಜಿಲ್ಲ.

ಹಂಪಿಯ ಬಳಿ ತುಂಗಭದ್ರೆಯಲ್ಲಿ ಎರಡು ಹರಿಗೋಲುಗಳು ಅಕ್ಕಪಕ್ಕ ತೇಲುತ್ತಿವೆ ಅಂದುಕೊಳ್ಳಿ. ಒಂದರಲ್ಲಿ ಕೂತವರು ಇನ್ನೊಂದರಲ್ಲಿರುವವರ ಲೋಟಕ್ಕೆ ಕಾಫಿ ಬಗ್ಗಿಸಹೊರಟರೆ ಅಲೆ ಬಂದಾಗಲೆಲ್ಲ ಚೆಲ್ಲುತ್ತದೆ. ಇಬ್ಬರೂ ಒಂದೇ ಹರಿಗೋಲಿಗೆ ಬಂದರೋ, ನದಿಯ ಅಲೆ ನಿಂತಿರುವುದಿಲ್ಲ, ಏರಿಳಿತವೂ ತಪ್ಪುವುದಿಲ್ಲ, ಆದರೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ ಕಾಫಿ ಲೋಟಕ್ಕೇ ಬೀಳುತ್ತದೆ. ತಂತಿ ಮುಟ್ಟದಿದ್ದಾಗ ನೀವೊಂದು ಹರಿಗೋಲು, ಗಿಟಾರು ಮತ್ತು ಇಂಟರ್‌ಫೇಸು ಇನ್ನೊಂದು. ಬೆರಳು ತಾಗಿಸುವುದೆಂದರೆ ಅವರ ಹರಿಗೋಲಿಗೆ ಹತ್ತುವುದು. ನಿಮ್ಮ ಮೈಯ ಓಲಾಟ ನಿಂತಿಲ್ಲ. ಇಂಟರ್‌ಫೇಸಿನ ಸೊನ್ನೆ ಮಟ್ಟವೂ ನಿಮ್ಮೊಡನೆ ಓಲಾಡತೊಡಗಿದೆ, ಅಷ್ಟೇ. ಪಿಕಪ್ಪಿಗೂ ನಿಮಗೂ ನಡುವೆ ವ್ಯತ್ಯಾಸವಿಲ್ಲ, ಹಾಗಾಗಿ ಅಳೆಯಲು ಏನೂ ಇಲ್ಲ. ಅಲ್ಲದೆ, ಸೊನ್ನೆ ಮಟ್ಟಕ್ಕೆ ಬಂದ ನಿಮ್ಮ ಮೈ ಈಗ ಗಿಟಾರಿನ ಹಿಂದೆ ನಿಂತ ದೊಡ್ಡ ಕವಚ. ಗೋಡೆಯ ಕಡೆಯಿಂದ ಪಿಕಪ್ಪಿಗೆ ಬರಬೇಕಿದ್ದುದನ್ನೂ ಅದು ತಡೆದು ನಿಲ್ಲಿಸುತ್ತದೆ. ಗಿಟಾರು ನಿಮ್ಮ ಮೂಲಕ ನೆಲ ಸೇರುವುದಿಲ್ಲ. ನೀವು ಗಿಟಾರಿನ ಮೂಲಕ ಅದರ ಸೊನ್ನೆಗೆ ಸೇರುತ್ತೀರಿ. ಬ್ಯಾಟರಿಯ ಮೇಲೂ ಬೆರಳಿನ ಮಾಂತ್ರಿಕತೆ ನಡೆಯುವುದು ಇದರಿಂದ.

ಮೈಕಿಗಿಲ್ಲದ ಪಾಡು ಗಿಟಾರಿಗೇಕೆ

ಅದೇ ಕೋಣೆಯಲ್ಲಿ, ಅದೇ ಇಂಟರ್‌ಫೇಸಿಗೆ ಹಾಡುಗಾರರ ಮೈಕ್ ಜೋಡಿಸಿದರೆ ಇಷ್ಟು ಜರ್ರ್ ಇರುವುದಿಲ್ಲ. ಕಾರಣ ಪಿಕಪ್ಪಿನ ಒಳತಡೆ. ಓಲಾಡುವ ಕರೆಂಟಿಗೆ ಒಂದು ವಸ್ತು ಒಡ್ಡುವ ಒಟ್ಟು ತಡೆಯನ್ನು ಇಂಪಿಡೆನ್ಸ್ ಎನ್ನುತ್ತಾರೆ. ಸಾಮಾನ್ಯ ಮೈಕಿನದು ನೂರಿನ್ನೂರು ಓಮ್. ಪಿಕಪ್ಪಿನದು ಸಾವಿರಗಳಲ್ಲಿ ಶುರುವಾಗಿ, ಸೆಕೆಂಡಿಗೆ 4,000 ಕಂಪನದ ಹೊತ್ತಿಗೆ 50,000 ಓಮ್ ದಾಟುತ್ತದೆ. ತಡೆ ಹೆಚ್ಚಿದ್ದಲ್ಲಿ ಚೂರೇ ಚೂರು ಕರೆಂಟು ನುಸುಳಿದರೂ ದೊಡ್ಡ ವೋಲ್ಟೇಜಾಗಿ ನಿಲ್ಲುತ್ತದೆ. ಮುಟ್ಟದ ನಂಟಿನಲ್ಲಿ ಬರುವುದು ಅಂಥ ಚೂರು ಕರೆಂಟೇ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ನಡುವಿಗೆ ತಂದಾಗ ಕೆಲವೊಮ್ಮೆ ನಾದ ಕುಗ್ಗಿದರೂ ಜರ್ರ್ ಕುಗ್ಗದಿರುವುದಕ್ಕೂ ಇದೇ ಕಾರಣ: ಗುಂಡಿ ತಾನೂ ತಡೆ ಸೇರಿಸುತ್ತದೆ.

ಮನೆ ಸ್ಟುಡಿಯೋಗಳ ಎರಡನೇ ಸಾಮಾನ್ಯ ದೂರೂ ಇಲ್ಲೇ ಬಗೆಹರಿಯುತ್ತದೆ: “ಗಿಟಾರು ಕಂಬಳಿ ಹೊದ್ದು ನುಡಿದ ಹಾಗಿದೆ.” ಇಂಟರ್‌ಫೇಸಿನ ಮುಂಭಾಗದಲ್ಲಿ ‘ಇನ್‌ಸ್ಟ್’ ಅಥವಾ ‘ಹೈ-ಜೀ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಗಿಟಾರಿನ ಕೇಬಲ್ ಚುಚ್ಚಿದ ಕಿಂಡಿಯ ತಡೆ ಸುಮಾರು 10 ಲಕ್ಷ ಓಮಿಗೆ ಏರುತ್ತದೆ. ಒತ್ತದಿದ್ದರೆ ಅದು ಹತ್ತು ಸಾವಿರದ ಆಸುಪಾಸು. ಎತ್ತರದ ಸ್ವರಗಳಲ್ಲಿ ಪಿಕಪ್ಪಿನ ಒಳತಡೆ ಅದಕ್ಕಿಂತ ಹೆಚ್ಚು, ಹಾಗಾಗಿ ಸಂಕೇತದ ದೊಡ್ಡ ಪಾಲು ಪಿಕಪ್ಪಿನೊಳಗೇ ಕಳೆದುಹೋಗಿ ದನಿ ಮಂಕಾಗುತ್ತದೆ. ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನ ಕಥೆ ಇದರ ತಿರುವು. ಹರಳಿನ ಬಿಲ್ಲೆ ಇರುವ ಆ ಮೈಕುಗಳ ಒಳತಡೆ ಮಂದ್ರದಲ್ಲಿ ಹೆಚ್ಚು, ತಾರದಲ್ಲಿ ಕಡಿಮೆ. ತಪ್ಪು ಕಿಂಡಿಗೆ ಚುಚ್ಚಿದರೆ ಅಲ್ಲಿ ಮಂದ್ರ ಸ್ಥಾಯಿ ಸತ್ತು, ವೀಣೆ ಕೀರಲಾಗುತ್ತದೆ. ಗಿಟಾರಿಗೂ ವೀಣೆಗೂ ಒತ್ತಬೇಕಾದ ಗುಂಡಿ ಒಂದೇ.

ಚಾರ್ಜರಿನ ಕಿತಾಪತಿ

ಬ್ಯಾಟರಿಯಲ್ಲಿ ಸಹಿಸುವಂತಿದ್ದ ಜರ್ರ್, ಚಾರ್ಜರ್ ಚುಚ್ಚಿದೊಡನೆ ಇಮ್ಮಡಿಯಾಗುವುದುಂಟು. ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಅದರ ಮೇಲೆ ಬೆರಳು ಸವರಿದಾಗ ಜುಮ್ ಅನ್ನುವುದನ್ನು ನೀವು ಗಮನಿಸಿರಬಹುದು. ಎರಡು ಪಿನ್ನಿನ ಚಾರ್ಜರುಗಳೊಳಗೆ ಗೋಡೆಯ ಕಡೆಯನ್ನೂ ಲ್ಯಾಪ್‌ಟಾಪಿನ ಕಡೆಯನ್ನೂ ಬೆಸೆಯುವ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಚಾರ್ಜರಿನ ಬೇರೆ ಗಲಾಟೆ ಹೊರಗೆ ಹರಡದಿರಲೆಂದು ಬೇಕೆಂದೇ ಇಟ್ಟದ್ದು. ಅದರಿಂದಾಗಿ ಅರ್ಥ್ ಇಲ್ಲದ ಲ್ಯಾಪ್‌ಟಾಪಿನ ಸೊನ್ನೆ ಮಟ್ಟ ನೆಲಕ್ಕೆ ಹೋಲಿಸಿದರೆ 230ರ ಅರ್ಧದ ಸುತ್ತಮುತ್ತ ಓಲಾಡುತ್ತದೆ. ಈ ಓಲಾಟದ ಹಿಂದಿರುವ ಕರೆಂಟು ಒಂದು ಮಿಲಿಆಂಪಿಯರಿಗಿಂತ ತೀರಾ ಕಡಿಮೆ. ಚಾರ್ಜರ್ ಒಳ್ಳೆಯದಾಗಿದ್ದರೆ ಜುಮ್ ಎನ್ನಬಹುದೇ ಹೊರತು ಅಪಾಯವಿಲ್ಲ. ಆದರೆ ಹರಿಗೋಲು ಈಗ ಮೊದಲಿಗಿಂತ ಜೋರಾಗಿ ಕುಲುಕುತ್ತಿದೆ, ನೀವು ಇನ್ನೂ ಹತ್ತಿಲ್ಲ. ರೆಕಾರ್ಡಿಂಗ್ ಮುಗಿಯುವವರೆಗೆ ಚಾರ್ಜರ್ ಕಿತ್ತಿಡುವುದು, ಇಲ್ಲವೇ ನಿಜವಾದ ಅರ್ಥ್ ಇರುವ ಮೂರು ಪಿನ್ನಿನ ಚಾರ್ಜರ್ ಬಳಸುವುದು, ಇವೆರಡೇ ದಾರಿ.

ಕಿವಿಯಿಂದಲೇ ಪತ್ತೆ

ಇಷ್ಟು ತಿಳಿದ ಮೇಲೆ ತೊಂದರೆಯ ಜಾಗ ಹಿಡಿಯುವುದು ಕಷ್ಟವಲ್ಲ. ಮೊದಲು, ಸದ್ದು ರೆಕಾರ್ಡಿಂಗಿನಲ್ಲಿದೆಯೋ ಬರೀ ಸ್ಪೀಕರಿನಲ್ಲಿದೆಯೋ ನೋಡಿ. ಸ್ಪೀಕರಿನಲ್ಲಿ ಮಾತ್ರವಿದ್ದು ಹೆಡ್‌ಫೋನಿನಲ್ಲಿ ಇಲ್ಲವಾದರೆ ಗಿಟಾರು ನಿರ್ದೋಷಿ. ಸ್ಪೀಕರೂ ಲ್ಯಾಪ್‌ಟಾಪೂ ಬೇರೆ ಬೇರೆ ಸಾಕೆಟ್ಟಿನಿಂದ ಅರ್ಥ್ ಪಡೆದು, ಅವುಗಳ ನಡುವೆ ಒಂದು ಉಂಗುರ ಏರ್ಪಟ್ಟು ಅದರಲ್ಲಿ ಕರೆಂಟು ಸುತ್ತುತ್ತಿರಬಹುದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ರೆಕಾರ್ಡಿಂಗಿನಲ್ಲೂ ಇದ್ದರೆ ಕುರ್ಚಿಯಲ್ಲಿ ತಿರುಗಿ ನೋಡಿ. ಬದಲಾದರೆ ಕಾಂತಕ್ಷೇತ್ರ. ಬದಲಾಗದಿದ್ದರೆ ತಂತಿ ಮುಟ್ಟಿ. ಇಳಿದರೆ ಅದು ಮುಟ್ಟದ ನಂಟು, ಗಿಟಾರಿನಲ್ಲಿ ಕೆಟ್ಟದ್ದೇನೂ ಇಲ್ಲ.

ತಂತಿ ಮುಟ್ಟಿದರೆ ಇಳಿಯದ ಸದ್ದು ಕೇಬಲ್ಲಿನ ಜಾಕ್‌ನ ಲೋಹ ಮುಟ್ಟಿದಾಗ ಇಳಿದರೆ? ಬ್ರಿಡ್ಜಿನ ಕೆಳಗಿನ ಆ ವೈರು ಕಿತ್ತುಬಂದಿದೆ. ಬೆಸುಗೆ ಹಾಕಲು ಬಲ್ಲವರ ಹತ್ತಿರ ಐದು ನಿಮಿಷದ ಕೆಲಸ. ಲೋಹ ಮುಟ್ಟಿದಾಗ ಸದ್ದು ಇನ್ನೂ ಏರಿದರೆ ಜಾಕಿನಲ್ಲಿ ಎರಡು ವೈರು ಅದಲುಬದಲಾಗಿರುವ ಸಂಭವ ಹೆಚ್ಚು. ರಿಪೇರಿಗೆ ಹೋಗಿ ಬಂದ ಗಿಟಾರಿನಲ್ಲಿ ಇದು ಅಪರೂಪವಲ್ಲ. ಇನ್ನು, ಬಿಡುವಿನಲ್ಲಿ ಸದ್ದನ್ನು ತಾನಾಗಿ ಮುಚ್ಚುವ ನಾಯ್ಸ್ ಗೇಟ್ ಎಂಬ ಸಾಫ್ಟ್‌ವೇರ್ ನನಗೆ ಅಷ್ಟು ಹಿಡಿಸದು. ನುಡಿಸುವಾಗ ಸ್ವರದ ಅಡಿಯಲ್ಲಿರುವ ಗುಂಯ್ ಅಲ್ಲೇ ಉಳಿಯುತ್ತದೆ, ಸ್ವರದ ಬಾಲ ಮಾತ್ರ ಕತ್ತರಿಸಿಹೋಗುತ್ತದೆ.

ಅದೇ ವೈರಿನ ಇನ್ನೊಂದು ಮುಖ

ತಂತಿಯನ್ನು ಸೊನ್ನೆ ಮಟ್ಟಕ್ಕೆ ಕಟ್ಟುವ ವೈರು ಜರ್ರ್ ಅಡಗಿಸುತ್ತದೆ, ನಿಜ. ಸೊನ್ನೆ ಮಟ್ಟದಲ್ಲಿ ಏನೇ ಬಂದು ಕೂತರೂ ಅದನ್ನು ನೇರ ನಿಮ್ಮ ಕೈಗೆ ಮುಟ್ಟಿಸುವುದೂ ಅದೇ ವೈರು. 1965ರಲ್ಲಿ ಸ್ಯಾಕ್ರಮೆಂಟೋದ ವೇದಿಕೆಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರ ಗಿಟಾರು ಮೈಕ್ ಸ್ಟ್ಯಾಂಡಿಗೆ ತಾಗಿ, ಶಾಕ್ ಹೊಡೆದು ಅವರು ಪ್ರಜ್ಞೆ ತಪ್ಪಿ ಬಿದ್ದರು, ಬದುಕಿದರು. 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ಥ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ತೀರಿಕೊಂಡರು. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈ ಅಥವಾ ತುಟಿ ಮೈಕಿನ ಮೇಲೆ. ಎರಡರ ಸೊನ್ನೆ ಮಟ್ಟ ಒಂದೇ ಅಲ್ಲದಿದ್ದರೆ ನಡುವೆ ಇರುವ ದಾರಿ ಎದೆ.

ಹಾಗಾಗಿ ಗುಂಯ್ ನಿಲ್ಲುತ್ತದೆಂದು ಯಾರಾದರೂ ಆಂಪ್ಲಿಫಯರಿನ ಮೂರನೇ ಪಿನ್ ಕತ್ತರಿಸಲು, ಅದಕ್ಕೆ ಟೇಪ್ ಸುತ್ತಲು ಹೇಳಿದರೆ ಕೇಳಬೇಡಿ. ಸದ್ದು ನಿಲ್ಲಬಹುದು, ಜೊತೆಗೆ ನಿಮ್ಮ ರಕ್ಷಣೆಯೂ ಹೋಗುತ್ತದೆ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಮೂರನೆಯದರ ಹಿಂದೆ ವೈರೇ ಇರುವುದಿಲ್ಲ, ಅಥವಾ ಅದನ್ನು ನ್ಯೂಟ್ರಲ್ಲಿಗೇ ಸುತ್ತಿಬಿಟ್ಟಿರುತ್ತಾರೆ. ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆದು ನೀವು ರೆಕಾರ್ಡ್ ಮಾಡುವ ಕೋಣೆಯ ಅರ್ಥ್ ಪರೀಕ್ಷೆ ಮಾಡಿಸಿ. ಮೀಟರ್ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ, ಹೊಸ ಪಿಕಪ್ಪಿಗೆ ದುಡ್ಡು ಹಾಕುವ ಮೊದಲು ಅದನ್ನು ಹಾಕಿಸಿ.